ಒಮ್ಮೆಯೂ ತಪ್ಪದ ಕೈ

ಧರಮಪೇಠ, ನಾಗಪುರ
೯ ಮಾರ್ಚ್ ೨೦೨೫

ಗಿರಿಧರ ಅವರಿಗೆ ರಾಗಿಣಿಯ ನಮಸ್ಕಾರ.

ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳುವುದಿಲ್ಲ; ಎರಡನೆಯ ಮದುವೆಗೆ ಓಡಾಡುತ್ತಿರುವ ಗಂಡಸು ಕ್ಷೇಮವಾಗಿಯೇ ಇರುತ್ತಾನೆ. ಮೊದಲ ಹೆಂಡತಿ ಏಕೆ ಬಿಟ್ಟಳು, ಹೊಡೆಯುತ್ತಿದ್ದಿರಾ ಎಂದು ಹುಡುಗಿ ಆಶಾಳ ತಾಯಿ ವಿಜಯಾಬಾಯಿ ಕೇಳಿದರಂತೆ. ಅದಕ್ಕೆ ನೀವು ಫೋನು ಮಾಡಿ, "ಹೊಡದಿಲ್ಲಂತ ಒಂದ ಸಾಲು ಬರದಕೊಡು, ನಿಂದೇನು ಗಂಟು ಹೋಗ್ತೈತಿ?" ಎಂದಿರಿ. ಈ ಸಂಬಂಧ ತಪ್ಪಿದರೆ ಮತ್ತೆ ನನ್ನ ಮನೆಗೇ ಬಂದು ಇರುವುದಾಗಿಯೂ ಹೆದರಿಸಿದಿರಿ. ವಿಚ್ಛೇದನ ಆದಮೇಲೂ ಒಮ್ಮೆ ಹಾಗೆ ಬಂದು ಸೋಫಾ ಹಿಡಿದು ಕೂತವರು ನೀವು. ಎಬ್ಬಿಸಿ ಕಳಿಸಲು ಅಕ್ಕಪಕ್ಕದವರೆಲ್ಲ ಸೇರಬೇಕಾಯಿತು.

ತಗೊಳ್ಳಿ, ನಿಮ್ಮ ಸಾಲು: ಗಿರಿಧರ ಅವರು ನಮ್ಮ ಸಂಸಾರದಲ್ಲಿ ಒಂದು ದಿನವೂ ನನ್ನನ್ನು ಹೊಡೆದಿಲ್ಲ. ಇದು ನಿಜ, ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಒಂದು ಸಾಲಿಗಾಗಿ ಇಡೀ ಹಾಳೆ ಕೆಡಿಸುವುದೇಕೆ? ಉಳಿದದ್ದನ್ನೂ ಬರೆಯುತ್ತೇನೆ.

ಸಾರಿಗೆ ಉಪ್ಪು ಹೆಚ್ಚಾದರೆ, ನಾನು ಮಂಗಗಳ ಪ್ರಯೋಗಾಲಯದಿಂದ ತಡವಾಗಿ ಬಂದರೆ, ನಿಮ್ಮ ಅಕ್ಕನ ಫೋನು ಎತ್ತದಿದ್ದರೆ ನಿಮ್ಮ ಕೈ ಮೇಲೇಳುತ್ತಿತ್ತು. ಬೀಸಿ ಬಂದು ನನ್ನ ಕೆನ್ನೆಗೆ ಗಾಳಿ ತಾಗುವಷ್ಟು ಹತ್ತಿರದಲ್ಲಿ ನಿಲ್ಲುತ್ತಿತ್ತು. ನಾನು ಕಣ್ಣು ಮುಚ್ಚಿ ಗೋಡೆಗೆ ಒತ್ತಿಕೊಳ್ಳುತ್ತಿದ್ದೆ. ಅದನ್ನು ಚೆನ್ನಾಗಿ ನೋಡಿಕೊಂಡು ನೀವು ಊಟಕ್ಕೆ ಕೂರುತ್ತಿದ್ದಿರಿ. ಹಸಿವೂ ಚೆನ್ನಾಗಿರುತ್ತಿತ್ತು.

ನಿಮ್ಮ ಬ್ಯಾಂಕಿನವರು ಊಟಕ್ಕೆ ಬಂದ ದಿನ ಇದನ್ನೇ ದೊಡ್ಡಸ್ತಿಕೆಯಾಗಿ ಹೇಳಿದಿರಿ. "ಇಕಿ ಮಂಗ್ಯಾಗಳಿಗೆ ಕೈ ತಡಿಯೋದು ಕಲಸ್ತಾಳ. ನನಗ ಯಾರೂ ಕಲಿಸಿಲ್ಲ, ಆದ್ರೂ ಎಷ್ಟ ಸಿಟ್ಟು ಬಂದ್ರೂ ಬರೋಬರ್ ತಡೀತೀನಿ." ಎಲ್ಲರೂ ನಕ್ಕರು. ಶ್ರೀಖಂಡ ಬಡಿಸುತ್ತ ನಾನೂ ನಕ್ಕೆ. ಸಿಟ್ಟಿನ ಮನುಷ್ಯ, ಆದರೆ ಸಂಯಮಿ ಎಂದು ನಾನೂ ನಂಬಿದ್ದೆನಲ್ಲ.

ನನ್ನ ಮಂಗಗಳ ಕೆಲಸವೇನೆಂದು ನೀವು ಒಮ್ಮೆಯೂ ಸರಿಯಾಗಿ ಕೇಳಲಿಲ್ಲ. ಈಗ ಕೇಳಿ. ಪರದೆಯ ಮೇಲೆ ಒಂದು ಚುಕ್ಕೆ ಬೆಳಗುತ್ತದೆ. ಮಂಗ ಅದನ್ನು ಮುಟ್ಟಿದರೆ ಹಣ್ಣಿನ ರಸ. ಕೆಲವು ಸಲ ಮಾತ್ರ ಅದರ ಮಿದುಳು ಕೈಯನ್ನು ಹೊರಡಿಸುವಷ್ಟರಲ್ಲಿ ಕೆಂಪು ದೀಪ ಹೊತ್ತುತ್ತದೆ, ಆಗ ತಡೆಯಬೇಕು. ಹೊರಡು ಎಂಬ ಅಪ್ಪಣೆಗೂ ನಿಲ್ಲು ಎಂಬ ಅಪ್ಪಣೆಗೂ ಮಿದುಳಿನಲ್ಲಿ ಓಟದ ಪಂದ್ಯ. ದೀಪ ಸ್ವಲ್ಪ ತಡವಾದರೆ ಸಾಕು, ಕೈ ಹೋಗಿಬಿಟ್ಟಿರುತ್ತದೆ. ಎಂಥ ಜಾಣ ಮಂಗವಾದರೂ ತಪ್ಪುತ್ತದೆ. ಮನುಷ್ಯರೂ ತಪ್ಪುತ್ತಾರೆ. ಒಮ್ಮೆಯೂ ತಪ್ಪದ ಮಂಗ ಸಿಕ್ಕರೆ ನಾವು ಹಿಗ್ಗುವುದಿಲ್ಲ, ಅದರ ಫಲಿತಾಂಶವನ್ನು ಬದಿಗಿಡುತ್ತೇವೆ. ಅದು ಮುಟ್ಟಲು ಹೊರಟೇ ಇರಲಿಲ್ಲ, ಸುಮ್ಮನೆ ದೀಪಕ್ಕೆ ಕಾಯುತ್ತಿತ್ತು ಎಂದರ್ಥ.

ಒಂದು ಮಧ್ಯಾಹ್ನ ನನ್ನ ವಿದ್ಯಾರ್ಥಿನಿ ಗೌತಮಿಗೆ ಇದನ್ನೇ ವಿವರಿಸುತ್ತಿದ್ದಾಗ ನಿಮ್ಮ ಕೈ ಕಣ್ಣ ಮುಂದೆ ಬಂತು. ಅಷ್ಟು ವರ್ಷ, ಅಷ್ಟು ಸಿಟ್ಟು, ನಿಮ್ಮ ಕೈ ಒಂದು ಸಲವಾದರೂ ತಪ್ಪಿ ನನ್ನ ಕೆನ್ನೆಗೆ ತಾಗಬೇಕಿತ್ತು. ತಾಗಲೇ ಇಲ್ಲ. ಸಿಟ್ಟು ಬಂದವನ ಕೈ ಅಷ್ಟು ಚೊಕ್ಕವಾಗಿ ನಿಲ್ಲುವುದಿಲ್ಲ, ಗಿರಿಧರ. ನೀವು ಹೊಡೆತವನ್ನು ತಡೆದವರಲ್ಲ. ನಾನು ಕುಗ್ಗುವುದನ್ನು ನೋಡಲೆಂದೇ ಕೈ ಎತ್ತಿ, ಅಲ್ಲಿಯೇ ನಿಲ್ಲಿಸಬೇಕೆಂದು ಮೊದಲೇ ನಿರ್ಧರಿಸಿಕೊಂಡವರು.

ಆಮೇಲೊಂದು ಸಂಜೆ ನೀವು ಕೈ ಎತ್ತಿದಾಗ ನಾನು ಕಣ್ಣು ಮುಚ್ಚಲಿಲ್ಲ. ನಿಮ್ಮನ್ನೇ ನೋಡುತ್ತ ನಿಂತೆ. ಕೈ ಎಂದಿನ ಜಾಗಕ್ಕೆ ಬಂದು ನಿಂತಿತು. ಮುಂದೇನು ಮಾಡಬೇಕೆಂದು ನಿಮಗೆ ತೋಚಲಿಲ್ಲ. ಆ ಕೈಯಿಂದ ತಲೆ ಕೆರೆದುಕೊಂಡಿರಿ. ನನಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದು ನಕ್ಕೆ. ಮರುದಿನವೇ ನೀವು ಮನೆ ಬಿಟ್ಟಿರಿ. ಹೊಂದಾಣಿಕೆ ಆಗಲಿಲ್ಲ ಎಂದು ಊರಿಗೆಲ್ಲ ಹೇಳಿದಿರಿ. ಹೊಡೆಯುವವನಿಗೆ ಆಮೇಲಾದರೂ ಪಶ್ಚಾತ್ತಾಪ ಬರುವುದುಂಟು. ನಿಮಗೆ ಅದಕ್ಕೂ ದಾರಿಯಿಲ್ಲ, ಏಕೆಂದರೆ ನೀವು ಏನೂ ಮಾಡಿಯೇ ಇಲ್ಲ.

ಈ ಹಾಳೆಯನ್ನು ನಿಮಗೆ ಕೊಡುವ ಮೊದಲು ನಾನೇ ಒಯ್ದು ವಿಜಯಾಬಾಯಿಯವರ ಕೈಗೆ ಕೊಡುತ್ತೇನೆ. ಆಶಾ ತಿಳಿದುಕೊಂಡು ನಿರ್ಧರಿಸಲಿ.

ಒಂದು ಕಾಲಕ್ಕೆ ನಿಮ್ಮವಳಾಗಿದ್ದ,
ರಾಗಿಣಿ

ತಾ.ಕ.: ಹೋಗಿ ಬಂದೆ. ಆಶಾ ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಓದಲು ಬರುವುದಿಲ್ಲ. ತಾಯಿಯೇ ಓದಿದರು. ಮೊದಲು ಕೊನೆಯವರೆಗೂ ತಮ್ಮಷ್ಟಕ್ಕೆ ಓದಿಕೊಂಡರು. ಆಮೇಲೆ ಮಗಳಿಗೆ ನಿಮ್ಮ ಸಾಲೊಂದನ್ನೇ ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಅದರ ಫೋಟೊ ತೆಗೆದು, "ಹೊಡದಿಲ್ಲಂತ ಬರದಾರ ನೋಡು, ಇನ್ನೇನು ಬೇಕು?" ಎಂದು ಹಾಳೆ ಮಡಚಿ ನನಗೇ ವಾಪಸ್ಸು ಕೊಟ್ಟರು. ಆಶಾ ನನ್ನ ಕೈ ಹಿಡಿದು, ಮರಾಠಿಯಲ್ಲಿ ಅಕ್ಕ ಎಂದು ಕರೆದು, ದೊಡ್ಡ ಉಪಕಾರವಾಯಿತು ಎಂದಳು. ನನಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಹಾಳೆಯಲ್ಲಿ ಉಳಿದದ್ದನ್ನು ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು ಬೇಡವೆಂದರೆ ನೀವು ಬಂದು ಕೂರುವುದು ನನ್ನ ಮನೆಯಲ್ಲಿ. ಗಿರಿಧರ ಅವರಿಗೆ ಒಳ್ಳೆಯ ಹುಡುಗಿ ಸಿಕ್ಕಿದ್ದಾಳೆ ಎಂದು ಹೇಳಿ, ಚಹಾ ಕುಡಿದು ಎದ್ದು ಬಂದೆ.