ಏಳು ಸಲ ತೊಳೆದ ಅಪರಾಧ

ವಿಶ್ವವಿದ್ಯಾಲಯದ ಮಾನ್ಯ ಕುಲಸಚಿವರೇ,

ನಮ್ಮ ಪ್ರಯೋಗಾಲಯದಿಂದ ನೀವು ಕಿತ್ತುಹಾಕಿದ ಹೆಂಗಸು ಯಾವ ತಪ್ಪೂ ಮಾಡಿರಲಿಲ್ಲ. ತಪ್ಪು ಮಾಡಿದ್ದು ನಾನು. ನಿಮ್ಮ ಆದೇಶಕ್ಕೆ ಆಧಾರವಾದ ವರದಿ ಬರೆದವಳು ನಾನೇ. ಅದು ಸುಳ್ಳೆಂದು ಬರೆಯುವಾಗಲೇ ನನಗೆ ಗೊತ್ತಿತ್ತು. ಇದನ್ನು ಹೀಗೆ ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಬದಲು ಮುಚ್ಚಿದ ಲಕೋಟೆಯಲ್ಲಿ ತಿಳಿಸಬಹುದಿತ್ತಲ್ಲ ಎನ್ನುತ್ತೀರಿ. ಎರಡು ಸಲ ತಿಳಿಸಿದೆ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಆಕೆಯನ್ನು ಮನೆಗೆ ಕಳಿಸಲು ನಿಮಗೆ ಒಂದೇ ಮಧ್ಯಾಹ್ನ ಸಾಕಾಗಿತ್ತು. ಸತ್ಯ ಓದಲು ಇನ್ನೆಷ್ಟು ವಾರ ಬೇಕು ಸ್ವಾಮಿ?

ನಮ್ಮದು ಪಾಲಿಮರ್ ಮತ್ತು ಕೊಲಾಯ್ಡ್ ರಸಾಯನಶಾಸ್ತ್ರದ ತಂಡ. ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ನೀರಿನಲ್ಲಿ ತೇಲಿಸುತ್ತೇವೆ, ನೋಡಲು ಹಾಲಿನಂತಿರುತ್ತದೆ. ಮಣಿಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗದಿರಲು ಸಾಮಾನ್ಯವಾಗಿ ಸಾಬೂನಿನಂಥದ್ದೇನಾದರೂ ಬೆರೆಸಬೇಕು. ನಾವು ಸಾಬೂನೇ ಇಲ್ಲದೆ ತೇಲಿಸಿದೆವೆಂದು ಲೇಖನ ಬರೆದು ಚಪ್ಪಾಳೆ ಗಿಟ್ಟಿಸಿದೆವು. ನೀವೂ ವೇದಿಕೆಯ ಮೇಲೆ ಆ ಬಿಳಿ ಸೀಸೆ ಹಿಡಿದು ಫೋಟೊ ತೆಗೆಸಿಕೊಂಡಿರಿ.

ಆಗ ಗಾಜಿನ ಸಾಮಾನು ತೊಳೆಯುತ್ತಿದ್ದವರು ನಾವೆಲ್ಲ ತಾತ ಎನ್ನುತ್ತಿದ್ದ ಒಬ್ಬ ವಯಸ್ಸಾದವರು. ಅವರಿಗೆ ಮಂಡಿನೋವು. ನಲ್ಲಿಯಲ್ಲಿ ದಾರದಂತೆ ನೀರು. "ತಾತ, ಇನ್ನೊಂದು ಸಲ ಜಾಲಿಸಿ" ಎಂದರೆ, "ಯಾಕಮ್ಮಾ, ನಿನ್ನ ಮದುವೆ ಅಡುಗೆ ಇದರಲ್ಲೇ ಮಾಡ್ತೀಯಾ?" ಎನ್ನುತ್ತಿದ್ದರು. ನಾವು ನಕ್ಕು ಅದೇ ಫ್ಲಾಸ್ಕನ್ನು ಎತ್ತಿಕೊಂಡು ಹೋಗುತ್ತಿದ್ದೆವು. ಅವರು ನಿವೃತ್ತರಾದ ಮೇಲೆ ಬಂದವರು ಅಕ್ಕ. ನಿಮ್ಮ ಆದೇಶದಲ್ಲಿ 'ಸದರಿ ಸಿಬ್ಬಂದಿ' ಎಂದಿದೆಯಲ್ಲ, ಅವರು.

ಅಕ್ಕ ಏಳು ಸಲ ಜಾಲಿಸುತ್ತಿದ್ದರು. ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಾಜಿನ ಮೇಲೆ ಒಂದು ಹನಿಯೂ ನಿಲ್ಲದೆ ನೀರು ಹಾಳೆಯಂತೆ ಇಳಿದರೆ ಮಾತ್ರ ಬೋರಲು ಹಾಕುತ್ತಿದ್ದರು. ಅವರು ಬಂದ ವಾರದಿಂದಲೇ ಮಣಿಗಳು ಗಡ್ಡೆಕಟ್ಟಿ ನಮ್ಮ ಹಾಲು ಒಡೆಯತೊಡಗಿತು. "ಆಯಮ್ಮ ಏನೋ ಬೆರೆಸ್ತಿದಾಳೆ ಕಣ್ರೀ" ಎಂದರು ತಂಡದ ಪ್ರೊಫೆಸರು. ಅಕ್ಕ ನನ್ನ ಮೇಜಿನ ಹತ್ತಿರ ಬಂದು, "ಹತ್ತು ಸಲ ತೊಳೀತೀನಿ ಮೇಡಂ, ಆಗೇನಾಗುತ್ತೆ ನೋಡೋಣ" ಎಂದರು. ತೊಳೆದರು. ಹಾಲು ಇನ್ನೂ ಬೇಗ ಒಡೆಯಿತು.

ಒಂದು ಮಂಗಳವಾರ ನನಗೆ ಅನುಮಾನ ಬಂತು. ಅಕ್ಕ ತೊಳೆದಿಟ್ಟ ಫ್ಲಾಸ್ಕಿಗೆ ಪಾತ್ರೆ ತೊಳೆಯುವ ಸಾಬೂನಿನ ನೀರು ಒಂದೇ ಒಂದು ಹನಿ ಹಾಕಿ ಪ್ರಯೋಗ ಮಾಡಿದೆ. ಮಣಿಗಳು ಅಂಟಲಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಅಂದರೆ ನಮ್ಮ ಹೆಗ್ಗಳಿಕೆಯ ಸಾಬೂನಿಲ್ಲದ ಹಾಲನ್ನು ಇಷ್ಟು ವರ್ಷ ಕಾಪಾಡಿದ್ದು ಸರಿಯಾಗಿ ಜಾಲಿಸದ ಗಾಜಿಗೆ ಅಂಟಿಕೊಂಡಿದ್ದ ಸಾಬೂನು! ಈಗ ತಾತನತ್ತ ಬೆರಳು ತೋರಿಸಬೇಡಿ. ಖಾಲಿ ಪಾತ್ರೆಯಲ್ಲಿ ಏನಿದೆ ಎಂದು ಪರೀಕ್ಷಿಸದೆ ಲೇಖನ ಬರೆದ ಪದವೀಧರರು ನಾವು.

ಪ್ರೊಫೆಸರಿಗೆ ಹೇಳಿದೆ. ಎದ್ದು ಬಾಗಿಲು ಹಾಕಿದರು. "ಲೇಖನ ಹೋದ್ರೆ ತಂಡವೇ ಹೋಯ್ತು. ನಿನ್ನ ಹುದ್ದೆ ಕಾಯಂ ಆಗೋ ಸಮಯ ಬೇರೆ. ಯೋಚನೆ ಮಾಡು." ಯೋಚನೆ ಮಾಡಿದೆ. ಗುರುವಾರ ನಿಮ್ಮ ವಿಚಾರಣಾ ಸಮಿತಿಗೆ ಬರೆದುಕೊಟ್ಟೆ: 'ತೊಳೆಯುವಲ್ಲಿ ಲೋಪ ಅಥವಾ ಉದ್ದೇಶಪೂರ್ವಕ ಕಲಬೆರಕೆಯ ಸಾಧ್ಯತೆಯನ್ನು ತಳ್ಳಿಹಾಕಲಾಗದು.' ಎಂಥ ಸಭ್ಯ ವಾಕ್ಯ ನೋಡಿ! ಕುತ್ತಿಗೆ ಕೊಯ್ದರೂ ಅಂಗಿಗೆ ಒಂದು ಹನಿ ರಕ್ತ ಸಿಡಿಯುವುದಿಲ್ಲ.

ವಿಚಾರಣೆ ನಡೆದ ದಿನ ನಿಮಗೆ ಮರೆತಿರಬಹುದು. ನನಗೆ ಕುರ್ಚಿ ಹಾಕಿಸಿದ್ದಿರಿ, ಚಹಾ ತರಿಸಿದ್ದಿರಿ. ಅಕ್ಕ ನಿಂತಿದ್ದರು.

"ಎಷ್ಟು ಸಲ ತೊಳೀತೀಯಮ್ಮಾ?" ಎಂದು ಕೇಳಿದಿರಿ.

"ಏಳು ಸಲ ಸಾರ್."

"ಏಳಾ? ನಮ್ಮನೇಲಿ ನನ್ನ ಊಟದ ತಟ್ಟೇನೂ ಅಷ್ಟು ಸಲ ತೊಳೆಯಲ್ಲ!" ಎಂದಿರಿ. ಸಮಿತಿಯೆಲ್ಲ ನಕ್ಕಿತು.

"ಮೇಡಂ ದಿನಾ ನೋಡಿದಾರೆ ಸಾರ್. ಅವರನ್ನೇ ಕೇಳಿ."

ನೀವು ನನ್ನತ್ತ ತಿರುಗಿದಿರಿ. ನಾನು ಕಾಗದ ತಿರುವುತ್ತಿದ್ದೆ. ಒಂದು 'ಹೌದು' ಸಾಕಿತ್ತು. ದುಡಿಯುವವರ ಪರವಾಗಿ ಬೀದಿಯಲ್ಲಿ ಕೂಗಿ ಕೂಗಿ ದನಿ ಒಡೆದುಕೊಂಡವಳು ನಾನು. ನಾಲ್ಕು ಗೋಡೆಯ ನಡುವೆ, ಕಣ್ಣೆದುರು ನಿಂತ ಒಬ್ಬಳಿಗಾಗಿ, ನನಗೆ ಬಾಯಿ ಬರಲಿಲ್ಲ.

ಎರಡು ತಿಂಗಳ ಹಿಂದೆ ಬಸ್ ನಿಲ್ದಾಣದಲ್ಲಿ ಅಕ್ಕ ಸಿಕ್ಕರು. ಕೆಲಸ ಕೇಳಿಕೊಂಡು ಹೋದರೆ, 'ಕಲಬೆರಕೆ' ಎಂದು ಬರೆದ ಆ ಆದೇಶ ನೋಡಿದ್ದೇ ಆಸ್ಪತ್ರೆಯೊಂದರ ಪ್ರಯೋಗಾಲಯದವರು ಬಾಗಿಲಿಂದಲೇ ವಾಪಸ್ ಕಳಿಸಿದರಂತೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಮೇಡಂ, ನಿಜ ಹೇಳಿ, ನನ್ನ ಕೈಯಲ್ಲೇ ಏನಾದ್ರೂ ದೋಷ ಇತ್ತಾ? ಈಗ ಮೊಮ್ಮಗಳಿಗೆ ಲೋಟ ತೊಳೆದು ಕೊಡೋಕೂ ಭಯ ಆಗುತ್ತೆ" ಎಂದರು. ನಾನೇನೆಂದೆ ಗೊತ್ತೆ? "ಬಸ್ ಬಂತು ಅಕ್ಕ" ಎಂದು ಹತ್ತಿಬಿಟ್ಟೆ. ಅದು ನನ್ನ ಬಸ್ಸೇ ಆಗಿರಲಿಲ್ಲ.

ಈಗ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಆದೇಶ ರದ್ದು ಮಾಡಿ. ಆಕೆ ನಿರಪರಾಧಿ ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿ, ಕೆಲಸಕ್ಕೆ ವಾಪಸ್ ಕರೆಯಿರಿ. ನನ್ನ ಮೂರು ಪ್ರಯೋಗಗಳ ಪುಟಗಳು ಇದರ ಜೊತೆಗಿವೆ. ಲೇಖನ ಹಿಂಪಡೆಯಲು ನಾನೇ ಬರೆದಿದ್ದೇನೆ. ನನ್ನ ಮೇಲೆ ಕ್ರಮ ಕೈಗೊಳ್ಳಿ. ಯಾವ ದಯೆಯೂ ಬೇಡ.

ಈ ಪತ್ರವನ್ನು ಅಚ್ಚಿಗೆ ಕೊಡುವ ಮೊದಲು ಅಕ್ಕನ ಮನೆಗೆ ಹೋಗಿ ಓದಿ ಹೇಳಿದೆ. ಕೊನೆಯವರೆಗೂ ಕೇಳಿದರು. "ಹಾಗಾದ್ರೆ ನನ್ನ ಕೈ ಸರಿಯಾಗೇ ಇದೆ" ಎಂದರು, ನನಗಲ್ಲ, ತಮಗೆ ತಾವೇ. ಆಮೇಲೆ, "ನೀವಿನ್ನು ಹೊರಡಿ" ಎಂದರು. ಹೊರಟೆ. ಕ್ಷಮೆ ಸಿಗಲಿಲ್ಲ, ಸಿಗಬಾರದು ಕೂಡ. ಆದರೆ ನನ್ನ ತಪ್ಪೊಪ್ಪಿಗೆ ಹಿಡಿದುಕೊಂಡು ಹೋದರೆ ಆಕೆಗೆ ಯಾರೂ ಕೆಲಸ ಕೊಡುವುದಿಲ್ಲ. ನಿಮ್ಮ ಮೊಹರು ಬೇಕು. ಸೋಮವಾರ ಬೆಳಗ್ಗೆ ಹತ್ತಕ್ಕೆ ನಿಮ್ಮ ಕಚೇರಿಯ ಬಾಗಿಲಲ್ಲಿ ಬಂದು ಕೂರುತ್ತೇನೆ. ಆ ಕಾಗದ ಅಕ್ಕನ ಕೈ ಸೇರುವವರೆಗೆ ನೀವು ನನ್ನನ್ನು ದಾಟಿಕೊಂಡೇ ಒಳಗೆ ಹೋಗಬೇಕು.

ಇಂತಿ,
ಯಾರ ವಿಶ್ವಾಸಕ್ಕೂ ಸದ್ಯಕ್ಕೆ ಅರ್ಹಳಲ್ಲದ,
ಪಾಲಿಮರ್ ತಂಡದ ಹಿರಿಯ ಸಂಶೋಧಕಿ