ಗೋಣಿಚೀಲ ತೆಗೆದುಬಿಡಿ

ಕಕ್ಕೇರಾ

ಕಾಲುವೆ ಗೇಟಿನ ಮಾನಪ್ಪ ಮಾವನವರಿಗೆ ಮೋನಮ್ಮನ ನಮಸ್ಕಾರಗಳು.

“ಗೇಟ್ ಸೋರಾಕತ್ತದ್ರಿ, ಸಪ್ಪಳಕ್ಕ ನಿದ್ದಿ ಹತ್ತವಲ್ದು, ನಿಮಗ ಕಿವಿ ಇಲ್ಲೇನ್ರಿ?” ಎಂದು ಎಷ್ಟು ಸಲ ನಿಮ್ಮ ಮೇಲೆ ಹರಿಹಾಯ್ದೆ. ಪ್ರತಿ ಸಲವೂ ನೀವು ಎದ್ದು ಹೋಗಿ, ಗೇಟಿನ ಸಂದಿಗೆ ಗೋಣಿಚೀಲ ತುರುಕಿ ಬಂದಿರಿ. ಈಗ ಬೇಸಿಗೆ. ಕಾಲುವೆ ಬತ್ತಿ, ಕುರಿಗಳು ಅದರೊಳಗೇ ಮಲಗುತ್ತಿವೆ. ಆದರೂ ಕಣ್ಣು ಮುಚ್ಚಿದರೆ ನನ್ನ ಬಲಗಿವಿಗೆ ನೀರಿನ ಸಪ್ಪಳ ಬರುತ್ತದೆ. ಅಲೆಯ ಹಿಂದೆ ಅಲೆ ಬಂದು, ಹಾಸಿಗೆಯ ಸುತ್ತ ಭತ್ತದ ಪೈರು ತೂಗಾಡಿದ ಹಾಗಾಗುತ್ತದೆ.

ಯಾದಗಿರಿಯ ಡಾಕ್ಟರಮ್ಮ ನನ್ನ ನಾಡಿ ಹಿಡಿದುಕೊಂಡು, ಕಿವಿಯ ಹಿಂದೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. “ನನಗೂ ಕೇಳಸಾಕತ್ತದ ನೋಡವ್ವ. ಇದು ನಿನ್ನ ರಕ್ತ ಹರಿಯೋ ಸಪ್ಪಳ,” ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಕಾರಣ ತಿಳಿಯಲು ಕಲಬುರಗಿಯಲ್ಲಿ ಸ್ಕ್ಯಾನಿಂಗ್ ಮಾಡಿಸಲು ಬರೆದುಕೊಟ್ಟಿದ್ದಾರೆ.

ನಾನು ಕಲಬುರಗಿಯಿಂದ ಬರುವ ಮುಂಚೆ ಕಾಲುವೆಗೆ ನೀರು ಬಿಟ್ಟರೆ ನಮ್ಮ ಪಾಳಿಯ ನೀರು ಪಕ್ಕದ ಹೊಲದ ಬಾಲಮ್ಮನಿಗೆ ಕೊಡಿ. ಮನೆಯವರೆಲ್ಲ ನನಗೆ ಭ್ರಮೆ ಎಂದರು. ಎದ್ದು ಹೋಗಿ ನೋಡಿದವರು ನೀವೊಬ್ಬರೇ. ಇನ್ನು ಆ ಗೋಣಿಚೀಲ ತೆಗೆದುಬಿಡಿ ಮಾವ. ನೀರು ಬಂದಾಗ ಗೇಟು ಸ್ವಲ್ಪ ಸೋರಲಿ. ನನ್ನ ಸದ್ದಿಗೂ ಒಂದು ಜೊತೆಯಾಗುತ್ತದೆ.

ನಿಮ್ಮ ಓಣಿಯ ಸೊಸೆ,
ಮೋನಮ್ಮ