ಗರಡಿ ಮಣ್ಣಿನ ಮಹಜರು

ಇನ್ನೂ ಕಟ್ಟದ ಗ್ಯಾಲರಿಯ ಇನ್ನೂ ಇಲ್ಲದ ಮೆಟ್ಟಿಲುಗಳ ಮೇಲೆ ಆಸೀನರಾಗಿರುವ ಮಹಾಜನರೇ, ದಯವಿಟ್ಟು ಶಾಂತರಾಗಿ. ಪಂದ್ಯ ಮುಗಿದಿದೆ. ಗೆದ್ದದ್ದು ಬುಲ್ಡೋಜರ್. ಇನ್ನು ತೀರ್ಪುಗಾರರೊಡನೆ ಎರಡು ಮಾತು.

ಕ್ರೀಡಾಂಗಣ ಕಾಮಗಾರಿಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ, ಚಾಮರಾಜನಗರದ ನಮ್ಮ ಗರಡಿಯನ್ನು ಕೆಡವಿಸಿದಿರಿ. ಅದರ ಉಸ್ತಾದ್ ಪುಟ್ಟಮಾದುವಿನ ದವಡೆ ಮುರಿಸಿದಿರಿ. ಆಮೇಲೆ ಅವನನ್ನೇ ಕೊಲೆಯತ್ನದ ಆರೋಪಿ ಮಾಡಿ ಜೈಲಿಗೆ ಕಳಿಸಿದಿರಿ. ಇಂದಿಗೆ ಹತ್ತೊಂಬತ್ತು ದಿನ. ಅವನು ನಿರಪರಾಧಿ. ಇದು ನನ್ನ ಅಭಿಪ್ರಾಯವಲ್ಲ; ನನಗೆ ಗೊತ್ತಿರುವ ಸಂಗತಿ.

ನಾವು ಜಿಲ್ಲೆಯಾಗಿ ವರ್ಷವಾಯಿತು. ಜಿಲ್ಲೆಯೆಂದ ಮೇಲೆ ಕ್ರೀಡಾಂಗಣ ಬೇಡವೇ? ಬೇಕು. ಕ್ರೀಡಾಂಗಣವೆಂದ ಮೇಲೆ ಗಣ್ಯರ ಕಾರು ನಿಲ್ಲಲು ಜಾಗ ಬೇಡವೇ? ಅದೂ ಬೇಕು. ಊರ ನಡುವೆ ಆಡುವವರಿಗಿದ್ದ ಒಂದೇ ಸೂರನ್ನು ಕಿತ್ತು, ಆಟ ನೋಡಬರುವವರ ಕಾರಿಗೆ ಕೊಟ್ಟ ಜಾಣ್ಮೆಗೆ ಯಾವ ಪದಕ ಕೊಡೋಣ? ನನಗೆ ಪ್ರಾಸದ ಚಟ, ಕ್ಷಮಿಸಿ: ತಮ್ಮದು ಪ್ರಗತಿ, ನಮ್ಮದು ಅಧೋಗತಿ, ತಾವು ಇಟ್ಟದ್ದು ಅಡಿಗಲ್ಲು, ನಾವು ಕೊಟ್ಟದ್ದು ಎರಡು ಹಲ್ಲು.

ಹಲ್ಲಿನ ಕಥೆ ಹೀಗೆ. ಜಾಗ ಬಿಡಲು ನೋಟೀಸಿನಲ್ಲಿ ಎಂಟು ದಿನವಿತ್ತು. ಮೂರನೆಯ ಬೆಳಿಗ್ಗೆಯೇ ಯಂತ್ರ ಬಂತು, ಜೊತೆಗೆ ಪೊಲೀಸರು. ನಮ್ಮದು ಉಡಿಗಾಲದಿಂದ ಗಾಡಿಯಲ್ಲಿ ತಂದ ಕೆಂಪು ಮಣ್ಣು. ಅರಿಸಿನ, ಎಣ್ಣೆ, ಮಜ್ಜಿಗೆ ಕುಡಿದು ನಲವತ್ತು ವರ್ಷ ಹದಗೊಂಡದ್ದು. ಹದಿನೈದರ ವಯಸ್ಸಿನಲ್ಲಿ ನಾನೂ ಅದರ ಮೇಲೆ ಬೆನ್ನು ಹಾಕಿ ಸೋತವನೇ. ಚಪ್ಪಲಿ ಮೆಟ್ಟಿ ಅದಕ್ಕೆ ಯಾರೂ ಇಳಿದವರಲ್ಲ. ತಮ್ಮ ಎಂಜಿನಿಯರು ಬೂಟುಗಾಲಲ್ಲಿ ಇಳಿದರು.

ಪುಟ್ಟಮಾದು ಕೈ ಮುಗಿದ. "ಕೆಡವದಾದ್ರೆ ಕೆಡವಿ ಸ್ವಾಮಿ. ಮೆಟ್ಟು ಬುಟ್ಟು ಬನ್ನಿ, ಅಷ್ಟೆಯ."

"ಮಣ್ಣಿಗೆಂಥದಯ್ಯ ಮಡಿ?" ಎಂದ ಎಂಜಿನಿಯರು ಬೂಟಿನ ಹಿಮ್ಮಡಿಯಿಂದ ಒಂದು ಗುಂಡಿ ತೋಡಿ ತೋರಿಸಿದರು. ಉಸ್ತಾದ್ ಆ ಕಾಲು ಹಿಡಿದುಕೊಂಡ. ಮೊದಲ ಲಾಠಿ ದವಡೆಗೆ, ಎರಡನೆಯದು ಕಿವಿಗೆ. ಆ ಮನುಷ್ಯನಿಗೆ ಅರವತ್ತು ದಾಟಿದೆ. ಬಾಯಿಂದ ರಕ್ತ ಸುರಿಯುತ್ತಿರಲು ಮೊಣಕಾಲೂರಿ, ಎರಡೂ ಕೈಯಲ್ಲಿ ಮಣ್ಣು ಕೆದಕಿ ತನ್ನ ಹಲ್ಲು ಹುಡುಕಿದ. ಆಗ ಎಲ್ಲಿಂದಲೋ ಕಲ್ಲೊಂದು ಹಾರಿ ಬಂದು ಎಂಜಿನಿಯರ ಹಣೆ ಸೀಳಿತು. ಏಳು ಹೊಲಿಗೆಯಂತೆ.

ಕಲ್ಲಿನ ಮೇಲೆ ಕೆಂಪು ಬೆರಳಚ್ಚಿತ್ತು. ಪೊಲೀಸರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈ ನೋಡಿದರು. ಗರಡಿಗೆ ಬಂದವನು ಮೊದಲು ಒಂದು ಹಿಡಿ ಮಣ್ಣೆತ್ತಿ ಅಂಗೈಗೆ ತಿಕ್ಕಿಕೊಳ್ಳುವುದು ಪದ್ಧತಿ. ಅಂದು ಎಲ್ಲರ ಕೈಯೂ ಕೆಂಪು. ಹಲ್ಲು ಹುಡುಕಿದವನ ಕೈ ಎಲ್ಲಕ್ಕಿಂತ ಕೆಂಪು. ಅಷ್ಟಕ್ಕೇ ಮಹಜರು ತಯಾರು. ಪಂಚರಾಗಿ ಸಹಿ ಹಾಕಿದವರು ಇಬ್ಬರು. ಅದರಲ್ಲೊಬ್ಬ ಬಿಳಿ ಅಂಗಿಯವನು, ಜೇಬಿನಲ್ಲಿ ಪೆನ್ನಿದ್ದವನು. ಅವನಿಗೆ ಕೈ ತೋರಿಸು ಎಂದು ಯಾರೂ ಹೇಳಲಿಲ್ಲ.

ಪುಟ್ಟಮಾದುವಿನ ಹೆಂಡತಿ ದೊಡ್ಡಮಾದಮ್ಮ ದಿನಾ ಜೈಲಿಗೆ ಗಂಜಿ ಒಯ್ಯುತ್ತಾಳೆ. ಮುದ್ದೆ ಯಾಕಿಲ್ಲವೆಂದು ಮೊನ್ನೆ ಪೆದ್ದನಂತೆ ಕೇಳಿದೆ.

"ಮುದ್ದೆ ನುಂಗಕೆ ಹಲ್ಲು ಬ್ಯಾಡ ಬುಡಪ್ಪ. ಬಾಯಿ ತೆಗಿಯಕೆ ದವಡೆ ಬ್ಯಾಡ್ವ?" ಎಂದಳು. ಗಂಜಿಯ ಡಬ್ಬಿ ಮುಚ್ಚಿ, ನನ್ನ ಮುಖ ನೋಡದೆ, "ಕಲ್ಲೊಡ್ದೋನ್ನ ನಮ್ ಯಜಮಾನ್ರು ಕಂಡವ್ರೆ. ಎಸ್ರು ಏಳಕಿಲ್ಲ, ನನ್ ಗರಡಿ ಹೈದ ಅಂತಾರೆ. ನಂಗೂ ಗೊತ್ತಿಲ್ಲ ಕಣಪ್ಪ" ಎಂದಳು.

ಆದ್ದರಿಂದ ನನ್ನ ಬೇಡಿಕೆ: ಪುಟ್ಟಮಾದುವನ್ನು ಬಿಡಿ. ಲಾಠಿ ಬೀಸಿದವನ ಮೇಲೆ ಮೊಕದ್ದಮೆ ಹೂಡಿ. ಆ ಮಣ್ಣಿನ ಮೇಲೆ ಡಾಂಬರು ಸುರಿಯುವ ಮೊದಲು ಅದನ್ನು ನಮಗೆ ಎತ್ತಿಕೊಡಿ. ಕಲ್ಲು ಹೊಡೆದವನನ್ನು ಹಿಡಿಯಿರಿ.

ಹುಡುಕುವ ಶ್ರಮ ಬೇಡ. ಬಿಳಿ ಅಂಗಿಯ ಪಂಚ ನಾನೇ. ಕಲ್ಲು ಹೊಡೆದವನೂ ನಾನೇ. ಟೀ ಅಂಗಡಿಯ ನಲ್ಲಿಯಲ್ಲಿ ಕೈ ತೊಳೆದು ಬಂದು ಸಹಿ ಹಾಕಿದೆ.

ಇಂತಿ,
ಮನೆಯಲ್ಲೇ ಇರುವ,
ಶಿವರುದ್ರಸ್ವಾಮಿ, ಬಿ.ಎ.